ಸುಂಬರ್‌ಲೋದ ನಮಾಜಿನ ಮನೆ

ಆ ದಿನ ಬೆಳಿಗ್ಗೆ ಅಮೆರಿಕದ ಪಶ್ಚಿಮ ಕರಾವಳಿಯ ಪೊವೇ ಊರಿನ ಮೇಲೆ ಸಮುದ್ರದ ಮೋಡ ಬಂದು ಕೂತಿತ್ತು. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಹಾಗೆಯೇ. ಕಡಲು ಹದಿನೈದು ಮೈಲಿ ದೂರವಿದ್ದರೂ ಅದರ ತಣ್ಣನೆಯ ಉಸಿರು ಬೆಳಗಾಗುವಷ್ಟರಲ್ಲಿ ಗುಡ್ಡ ಹತ್ತಿ ಬಂದು ಮನೆಮನೆಯ ಹಿತ್ತಿಲಲ್ಲಿ ಇಳಿದಿರುತ್ತದೆ. ಸೂರ್ಯ ಎಲ್ಲಿದ್ದಾನೆಂದು ಹೇಳುವಂತಿರಲಿಲ್ಲ. ನಿಂಬೆಗಿಡದ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು.

"ಒಳ್ಳೇ ದಿನ," ಅಂದರು ವಾಗಿಮಾನ್, ಲಾರಿಯ ಹಿಂಬಾಗಿಲು ತೆಗೆಯುತ್ತ. "ಬಿಸಿಲಿದ್ದರೆ ತೇಗಕ್ಕೆ ಸಿಟ್ಟು ಬರುತ್ತೆ. ಇಂಥ ಹವೆಯಲ್ಲಿ ಹೇಳಿದ ಮಾತು ಕೇಳುತ್ತೆ."

ಲಾರಿಯಲ್ಲಿದ್ದದ್ದು ಒಂದು ಇಡೀ ಮನೆ. ನಾಲ್ಕು ಕಂಬ, ತೊಲೆಗಳು, ಜಂತಿಗಳು, ಹಲಗೆಗಳು, ಬುಟ್ಟಿಗಳಲ್ಲಿ ಹೆಂಚು, ಒಂದು ಗೋಣಿಚೀಲದ ತುಂಬ ಮರದ ಗೂಟಗಳು. ಒಂದಾದರೂ ಕಬ್ಬಿಣದ ಮೊಳೆ ಇಲ್ಲ.

ವಾಗಿಮಾನ್ ಜಾವಾ ದ್ವೀಪದ ಹಳ್ಳಿಯೊಂದರವರು. ಅವರ ಕಡೆ ಸಂತೆ ಐದು ದಿನಕ್ಕೊಮ್ಮೆ ಸುತ್ತುತ್ತದೆ, ಐದು ದಿನಕ್ಕೂ ಒಂದೊಂದು ಹೆಸರು. ವಾಗೆ ಎಂಬ ದಿನ ಹುಟ್ಟಿದ್ದರಿಂದ ಇವರು ವಾಗಿಮಾನ್. ಲಾಸ್ ಏಂಜಲೀಸ್ ಸೀಮೆಗೆ ಬಂದು ಹದಿನೆಂಟು ವರ್ಷವಾಗಿತ್ತು. ಅದರಲ್ಲಿ ಒಂಬತ್ತು ವರ್ಷದಿಂದ ಚಾಟ್ಸ್‌ವರ್ತ್‌ನಲ್ಲಿ ಲಾರಿ ಬಂದು ನಿಂತ ಮನೆಯ ಯಜಮಾನ ಮಕ್ಸೂದನ ಕಾರ್ಖಾನೆಯ ಹಿರಿಯ ಬಡಗಿ. ಜಾವಾದ ಹಳೆಯ ತೇಗದ ಮನೆಗಳನ್ನು ಕೊಂಡು, ಹಡಗಿನಲ್ಲಿ ತರಿಸಿ, ಇಲ್ಲಿಯ ಸ್ಥಿತಿವಂತರ ತೋಟಗಳಲ್ಲಿ ನಿಲ್ಲಿಸಿಕೊಡುವುದು ಮಕ್ಸೂದನ ವ್ಯಾಪಾರ. ವಾರದಲ್ಲಿ ನಾಲ್ಕು ದಿನ ಅವನು ಕಾರ್ಖಾನೆಯಲ್ಲಿಯೇ ಇರುತ್ತಿದ್ದ; ಉಳಿದ ಮೂರು ದಿನ ಪೊವೇಯ ಮನೆಯಲ್ಲಿ.

ಮನೆ ಎಂದರೆ ನೆಲಕ್ಕೆ ಅಂಟಿಕೊಂಡದ್ದು ಎಂದು ನಾವು ತಿಳಿದಿದ್ದೇವೆ. ಜಾವಾದ ಹಳ್ಳಿಯಲ್ಲಿ ಹಾಗಲ್ಲ. ಅಲ್ಲಿ ನೆಲವೇ ಬೇರೆ ಆಸ್ತಿ, ಮನೆಯೇ ಬೇರೆ ಆಸ್ತಿ. ಅಣ್ಣನಿಗೆ ನೆಲ ಬಂದರೆ ತಂಗಿಗೆ ಮನೆ ಬರಬಹುದು. ಆಗ ಊರಿನ ನಲವತ್ತು ಗಂಡಸರು ಸೇರಿ, ಬಿದಿರು ಕಟ್ಟಿ, ಮನೆಯನ್ನು ಹೆಗಲ ಮೇಲೆ ಎತ್ತಿಕೊಂಡು ಗದ್ದೆಯ ಬದುವಿನ ಮೇಲೆ ನಡೆದು ಅವಳ ಹಿತ್ತಿಲಿಗೆ ಮುಟ್ಟಿಸುತ್ತಾರೆ. ಹಿಂದೆ ಹೆಂಗಸರು ಅನ್ನದ ಬುಟ್ಟಿ ಹೊತ್ತು ನಡೆಯುತ್ತಾರೆ. ತಾವು ಆರು ವರ್ಷದವರಿದ್ದಾಗ ತಮ್ಮ ಅಡುಗೆಮನೆ ನಡೆದುಹೋದದ್ದನ್ನು ವಾಗಿಮಾನ್ ನೋಡಿದ್ದರಂತೆ, ಒಲೆಯ ಮಸಿಯ ಸಮೇತ.

ಲಾರಿಯಲ್ಲಿದ್ದದ್ದು ಸಂಸಾರದ ಮನೆಯಲ್ಲ. ಹಿತ್ತಿಲ ಮೂಲೆಯಲ್ಲಿ ಕಟ್ಟುವ ಪುಟ್ಟ ನಮಾಜಿನ ಮನೆ. ಅದಕ್ಕೆ ಅವರು ಲಂಗ್ಗರ್ ಎನ್ನುತ್ತಾರೆ. ಸಂಜೆ ಮಕ್ಕಳು ಅಲ್ಲಿ ಕುರಾನ್ ಓದಲು ಕೂರುತ್ತಾರೆ, ರಂಜಾನಿನಲ್ಲಿ ಹುಡುಗರು ಅಲ್ಲಿಯೇ ಮಲಗುತ್ತಾರೆ. ಯಾವುದೋ ಊರಿನ ದಲ್ಲಾಳಿ ಹತ್ತು ಮನೆಗಳ ಜೊತೆ ಇದನ್ನೂ ಸೇರಿಸಿ ಕಳಿಸಿದ್ದ. ಕಾರ್ಮೆಲ್ ವ್ಯಾಲಿಯ ಒಬ್ಬರು ಯೋಗಕ್ಕೆ ಚೆನ್ನಾಗಿದೆ ಎಂದು ಕೇಳಿದರೂ ಮಕ್ಸೂದ್ ಕೊಡಲಿಲ್ಲ. ಮೈಸೂರಿನಿಂದ ಅವನ ತಾಯಿ ಬರುವವರಿದ್ದರು.

ತಾಯಿ ಮುನವ್ವರ್ ಬೇಗಂ ಹುಣಸೂರಿನ ಸರ್ಕಾರಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು. ಮನೆಯಲ್ಲೂ ಕನ್ನಡವೇ ಹೆಚ್ಚು. ಎಪ್ಪತ್ತು ದಾಟಿತ್ತು. ಅಮೆರಿಕಕ್ಕೆ ಬಂದು ಎಂಟು ದಿನವಾಗಿತ್ತಷ್ಟೆ. ಮಗ ಕೋಣೆಯಲ್ಲಿ ಹಾಸಿಕೊಟ್ಟ ಚಾಪೆಯ ಮೇಲೆ ಅದಿದ್ದ ಹಾಗೆಯೇ ನಿಂತು ನಮಾಜು ಮಾಡುತ್ತಿದ್ದರು. ಅದು ಯಾವ ದಿಕ್ಕು ಎಂದು ಯೋಚಿಸಿರಲಿಲ್ಲ.

ಸೊಸೆ ಮರಿಯಮ್ ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದಳು. ಹಿತ್ತಿಲಲ್ಲಿ ಇದ್ದವರು ಇಬ್ಬರು ಕೂಲಿಯಾಳುಗಳು, ವಾಗಿಮಾನ್ ಮತ್ತು ಮುನವ್ವರ್ ಬೇಗಂ. ವಾಗಿಮಾನ್ ಕಂಬದ ಬುಡದಲ್ಲಿದ್ದ ಉಳಿಯ ಗುರುತನ್ನು ಬೆರಳಿಂದ ತಡವಿದರು. ಮನೆ ಕಳಚುವಾಗ ಅಲ್ಲಿಯ ಬಡಗಿಗಳು ಪ್ರತಿ ಮರಕ್ಕೂ ಅದು ನಿಂತಿದ್ದ ದಿಕ್ಕನ್ನು ಕೆತ್ತುತ್ತಾರೆ. ಪಶ್ಚಿಮಕ್ಕೆ ನಿಂತ ಕಂಬ ಎಷ್ಟು ಊರು ತಿರುಗಿದರೂ ಪಶ್ಚಿಮಕ್ಕೇ ನಿಲ್ಲಬೇಕು. ಅದು ಅವರ ಕಸುಬಿನ ಕಟ್ಟಳೆ.

"ಬು, ಕಿಬ್ಲಾ?" ಎಂದು ಕೇಳಿದರು ವಾಗಿಮಾನ್. ಅವರ ಕಡೆ ತಾಯಿಯ ವಯಸ್ಸಿನವರನ್ನು ಬು ಎನ್ನುತ್ತಾರೆ. ನಮಾಜಿನ ದಿಕ್ಕಿಗೆ ಹೇಳುವ ಕಿಬ್ಲಾ ಎಂಬ ಮಾತಂತೂ ಇಬ್ಬರಿಗೂ ಒಂದೇ.

"ಪಶ್ಚಿಮ," ಅಂದರು ಮುನವ್ವರ್ ಬೇಗಂ. ಅರ್ಥವಾಗಲಿ ಎಂದು "ವೆಸ್ಟ್" ಅಂತಲೂ ಸೇರಿಸಿದರು. "ಅದರಲ್ಲಿ ಕೇಳೋದೇನಿದೆ?"

ವಾಗಿಮಾನ್ ಕಂಬದ ಗುರುತನ್ನು ಇನ್ನೊಮ್ಮೆ ತಡವಿದರು. ಆಮೇಲೆ ತಲೆ ಬಾಗಿಸಿ "ಇಂಗ್ಗೆ" ಅಂದರು. ಹೂಂ ಎಂದರ್ಥ.

ಸಂಜೆ ನಾಲ್ಕಕ್ಕೆ ಲಂಗ್ಗರ್ ನಿಂತಿತ್ತು. ಮೋಡ ಕರಗಿ ಎಳೆಬಿಸಿಲು ಅದರ ಹೆಂಚಿನ ಮೇಲೆ ಬಿದ್ದಿತ್ತು. ಹನ್ನೆರಡು ವರ್ಷದ ಮೊಮ್ಮಗಳು ಅಲೀನಾ ಶಾಲೆಯಿಂದ ಬಂದವಳು ಒಳಗೆ ಹೋಗಿ ಫೋನು ಹಿಡಿದು ಒಂದು ಸುತ್ತು ತಿರುಗಿದಳು.

"ದಾದಿ, ಇಟ್ಸ್ ಫೇಸಿಂಗ್ ದ ಓಶನ್," ಅಂದಳು ಅಜ್ಜಿಗೆ. "ಕಿಬ್ಲಾ ಈಸ್ ನಾರ್ತ್‌ಈಸ್ಟ್."

ಮುನವ್ವರ್ ಬೇಗಂ ನಂಬಲಿಲ್ಲ. ಮರಿಯಮ್ ಕೆಳಗಿಳಿದು ಬಂದು ಹೇಳಿದ ಮೇಲೆ ನಂಬಿದರು. "ಅಮ್ಮಾ, ನೀವು ಭೂಮಿಯ ಆ ಕಡೆಯಿಂದ ಈ ಕಡೆಗೆ ಬಂದಿದೀರಿ. ಮಕ್ಕಾ ಇದ್ದಲ್ಲೇ ಇದೆ, ನೀವು ಜಾಗ ಬದಲಾಯಿಸಿದ್ದು." ಆಮೇಲೆ ಬಡಗಿಯ ಕಡೆ ತಿರುಗಿ, ಅವರ ಕಡೆ ಹಿರಿಯ ಗಂಡಸರನ್ನು ಕರೆಯುವ ಹಾಗೆ ಪಾಕ್ ಎಂದು ಕರೆದು, ಇಂಗ್ಲಿಷಿನಲ್ಲಿ ಕೇಳಿದಳು: "ಪಾಕ್ ವಾಗಿಮಾನ್, ಹದಿನೆಂಟು ವರ್ಷದಿಂದ ನೀವು ಯಾವ ಕಡೆಗೆ ನಮಾಜು ಮಾಡ್ತಾ ಇದೀರಿ?"

"ಈಶಾನ್ಯಕ್ಕೆ."

"ಮತ್ತೆ ಹೇಳ್ಬಾರ್ದಿತ್ತಾ?"

ವಾಗಿಮಾನ್ ನೆಲ ನೋಡಿದರು. "ಬು ಹಿರಿಯರು. ಹಿರಿಯರು ಹೇಳಿದ ಮೇಲೆ ಇಲ್ಲ ಅನ್ನೋದು ಹೇಗೆ? ಕಂಬದ ಗುರುತೂ ಪಶ್ಚಿಮ ಅಂತಿತ್ತು. ಬು ಮತ್ತು ಕಂಬ ಇಬ್ಬರೂ ಒಂದೇ ಮಾತು ಹೇಳಿದರು."

ಮರಿಯಮ್ ಇದನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ನಗಲು ಶುರುಮಾಡಿದ್ದಳು. ಮುನವ್ವರ್ ಬೇಗಂ ಕೂಡ ನಕ್ಕರು. "ನಲವತ್ತು ಮಕ್ಕಳ ಕ್ಲಾಸಲ್ಲಿ ಒಬ್ಬನಾದ್ರೂ ಎದ್ದು ನಿಂತು ಮಿಸ್ ತಪ್ಪು ಅಂತಿದ್ದ. ಇಲ್ಲಿ ಅದಕ್ಕೂ ಗತಿ ಇಲ್ವಲ್ಲ," ಅಂದರು.

ಕಳಚಿ ಮತ್ತೆ ಕಟ್ಟುವುದು ಎರಡು ದಿನದ ಕೆಲಸ. ಈಗ ಬೇಡ, ಆಮೇಲೆ ನೋಡೋಣ ಎಂದಾಯಿತು. ಹೀಗೆ ಆ ಲಂಗ್ಗರ್ ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿಕೊಂಡೇ ಎಂಟು ತಿಂಗಳು ನಿಂತಿತು. ಒಳಗೆ ಮುನವ್ವರ್ ಬೇಗಂ ಚಾಪೆಯನ್ನು ಓರೆಯಾಗಿ ಹಾಸಿಕೊಂಡು, ಮೂಲೆಗೆ ಮುಖ ಮಾಡಿ ನಿಲ್ಲುತ್ತಿದ್ದರು.

ಆ ಎಂಟು ತಿಂಗಳಲ್ಲಿ ಅದು ಅವರದೇ ಆಯಿತು. ಪರದೇಶದ ಮನೆಯಲ್ಲಿ ಎಲ್ಲ ಅನುಕೂಲವೂ ಇತ್ತು. ಆದರೆ ಯಾವುದನ್ನು ಮುಟ್ಟಿದರೂ ಅದು ಮಗನದು, ಸೊಸೆಯದು ಎಂಬ ಸಂಕೋಚ. ಲಂಗ್ಗರಿನ ಹಲಗೆಯ ಮೇಲೆ ಕಾಲಿಟ್ಟರೆ ಆ ಸಂಕೋಚ ಇರುತ್ತಿರಲಿಲ್ಲ. ಯಾರು ಯಾರೋ ಕೂತು, ಹಣೆ ಊರಿ ಸಜ್ದಾ ಮಾಡಿ, ಮಲಗಿ ಎದ್ದು ನುಣುಪಾದ ಹಲಗೆ ಅದು. ಬೆಳಗಿನ ನಮಾಜಿನ ನಂತರ ಅಲ್ಲಿಯೇ ಕೂತು ತಸ್ಬೀಹ್ ಮಣಿ ಎಣಿಸುವಾಗ, ತೀರಿಹೋದ ಯಜಮಾನರಿಗೂ ಗುರುತು ಪರಿಚಯವಿಲ್ಲದ ಆ ಮಕ್ಕಳಿಗೂ ಒಟ್ಟಿಗೆ ದುವಾ ಕೇಳುತ್ತಿದ್ದರು. ಮಳೆ ಬಂದ ದಿನ ತೇಗದಿಂದ ಒಂದು ವಾಸನೆ ಏಳುತ್ತಿತ್ತು. ಬಹಳ ದಿನ ಬದುಕಿದವರ ಮೈಯ ವಾಸನೆಯ ಹಾಗೆ.

ಮಧ್ಯಾಹ್ನ ಎದುರು ಮನೆಯ ಶಾಮಲಾ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರದವರು. ಮಗ ಟೆಲಿಕಾಂ ಕಂಪನಿಯಲ್ಲಿದ್ದ. ದಿಕ್ಕಿನ ಕಥೆ ಕೇಳಿ ಅವರು ಹೇಳಿದರು: "ಈಶಾನ್ಯ ಅಂದ್ರೆ ನಮ್ಮಲ್ಲಿ ದೇವಮೂಲೆ ಕಣ್ರೀ. ನನ್ನನ್ನ ಕೇಳಿದ್ರೆ ಮೊದಲೇ ಹೇಳ್ತಿದ್ದೆ. ಎಲ್ಲ ಸುತ್ತಿ ಕೊನೆಗೆ ವಾಸ್ತುಗೇ ಬಂದ್ರಲ್ಲ."

"ನಿಮ್ಮ ವಾಸ್ತು ನೀವಿಟ್ಕೊಳ್ಳಿ, ಆ ಕಡ್ಲೆಕಾಯಿ ಈ ಕಡೆ ಕೊಡಿ," ಅನ್ನುತ್ತಿದ್ದರು ಮುನವ್ವರ್ ಬೇಗಂ.

ಮರುವರ್ಷದ ಜನವರಿಯಲ್ಲಿ ಮಳೆ ಹಿಡಿದುಕೊಂಡಿತು. ಬರಗಾಲದ ಸೀಮೆಯೆಂದು ಹೆಸರಾದ ಕಡೆ ವಾರಗಟ್ಟಲೆ ಸುರಿಯಿತು. ಲಂಗ್ಗರಿನ ನೆತ್ತಿಯ ಎರಡು ಹೆಂಚು ಜಾರಿ ಒಳಗೆ ಸೋರತೊಡಗಿತು. ಮಾರ್ಚಿನಲ್ಲಿ ರಂಜಾನ್ ಬರುವುದಿತ್ತು. ಮನೆಯ ನಾಲ್ಕು ಜನ ಒಟ್ಟಿಗೆ ನಿಲ್ಲಬೇಕೆಂದರೆ ಆ ಓರೆ ಚಾಪೆಗೆ ಅಲ್ಲಿ ಜಾಗವಿರಲಿಲ್ಲ. ಹೇಗೂ ರಿಪೇರಿ ಮಾಡಬೇಕು, ಇದೇ ಸಮಯದಲ್ಲಿ ತಿರುಗಿಸಿಬಿಡೋಣ ಎಂದು ಮಕ್ಸೂದ್ ಹೇಳಿದ. ಫೆಬ್ರುವರಿಯ ಮೊದಲ ಶನಿವಾರ ವಾಗಿಮಾನ್ ಬಂದರು.

ಕಳಚುವ ಮುನ್ನ ಪಶ್ಚಿಮದ ಕಂಬದ ಮೇಲೆ ಅಂಗೈ ಇಟ್ಟು ಏನೋ ಹೇಳಿದರು. ಏನಂತೆ ಎಂದು ಮರಿಯಮ್ ಕೇಳಿದಳು.

"ಇದಕ್ಕೆ ಬೇಕಾಗಿದ್ದು ಪಶ್ಚಿಮ ಅಲ್ಲ, ಮಕ್ಕಾ. ಈಗ ಈಶಾನ್ಯಕ್ಕೆ ನಿಲ್ಲಿಸ್ತೀನಿ, ಬೇಜಾರು ಮಾಡ್ಕೋಬೇಡ ಅಂದೆ."

ಹೆಂಚು ಇಳಿಯಿತು, ಜಂತಿ ಇಳಿಯಿತು. ಕೊನೆಗೆ ನೆತ್ತಿಯ ತೊಲೆಯನ್ನು ನಾಲ್ಕು ಜನ ಸೇರಿ ಮೆಲ್ಲಗೆ ಇಳಿಸಿ ಎರಡು ಮಣೆಗಳ ಮೇಲೆ ಇಟ್ಟರು. ಆ ತೊಲೆಯ ಮೇಲ್ಮೈಗೆ ಯಾರೋ ದಪ್ಪಗೆ ಸುಣ್ಣ ಬಳಿದಿದ್ದರು. ಕಟ್ಟುವಾಗ ಹುಳು ಹಿಡಿಯದಿರಲೆಂದು ಬಳಿದಿರಬಹುದು ಎಂದುಕೊಂಡಿದ್ದರು ವಾಗಿಮಾನ್. ತಿಂಗಳ ಮಳೆ ಆ ಸುಣ್ಣವನ್ನು ತೊಳೆದುಹಾಕಿತ್ತು. ಅಡಿಯಲ್ಲಿ ಉಳಿಯಿಂದ ಕೊರೆದ ಅಕ್ಷರಗಳು ಕಾಣುತ್ತಿದ್ದವು, ಮೂರು ಸಾಲು.

ವಾಗಿಮಾನ್ ಬಗ್ಗಿ ನೋಡಿದರು. "ಅರಬ್ಬೀ ಅಕ್ಷರದಲ್ಲಿ ಬರೆದ ಜಾವಾ ಮಾತು. ಹಳೇ ಕಾಲದವರು ಹೀಗೆ ಬರೀತಿದ್ದರು. ನನಗೆ ಓದೋಕೆ ಬರಲ್ಲ. ಕುರಾನಲ್ಲಿ ಮೇಲೆ ಕೆಳಗೆ ಸ್ವರದ ಗುರುತು ಇರುತ್ತೆ, ಓದ್ತೀನಿ. ಇದರಲ್ಲಿ ಬರೀ ಅಕ್ಷರ."

"ಉರ್ದೂನೂ ಹಾಗೇ ಅಲ್ವಾ? ಎಲ್ಲಿ, ನನ್ನ ಕನ್ನಡಕ ಕೊಡಮ್ಮ," ಅಂದರು ಮುನವ್ವರ್ ಬೇಗಂ.

ಆಗ ನಡೆದದ್ದನ್ನು ಮರಿಯಮ್ ಆಮೇಲೂ ಎಷ್ಟೋ ಸಲ ಹೇಳುತ್ತಿದ್ದಳು. ಮುನವ್ವರ್ ಬೇಗಂ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಬೆರಳಿಟ್ಟು, ತಮಗೆ ಒಂದು ಪದವೂ ಅರ್ಥವಾಗದ ಭಾಷೆಯನ್ನು ಮೆಲ್ಲಗೆ ಕೂಡಿಸಿ ಕೂಡಿಸಿ ಓದಿದರು. ಓದಲು ಬಾರದ ವಾಗಿಮಾನ್ ಪಕ್ಕದಲ್ಲಿ ಕುಳಿತು ಕಿವಿಗೊಟ್ಟರು. ಒಮ್ಮೊಮ್ಮೆ ಸ್ವರ ತಪ್ಪಿದರೆ ತಿದ್ದಿ, ಇನ್ನೊಮ್ಮೆ ಎಂದು ಕೇಳಿದರು. ಅವರಿಗೆ ಅರ್ಥವಾದದ್ದನ್ನು ಮರಿಯಮ್ ಕನ್ನಡದಲ್ಲಿ ಹೇಳಿದಳು.

ಆದರೆ ಮೊದಲ ಮಾತಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ವಕ್ಫ್ ಎಂದಿತ್ತು. ದೇವರ ಹೆಸರಿಗೆ ಬಿಟ್ಟದ್ದು.

ಉಳಿದದ್ದು ಹೀಗಿತ್ತು: ಸುಂಬರ್‌ಲೋ ಊರಿನ ಸಾತಿನೆಮ್ ಎಂಬ ನಾನು ನನ್ನ ಹಿತ್ತಿಲ ನೆಲವನ್ನೂ ಈ ಲಂಗ್ಗರನ್ನೂ ಓದುವ ಮಕ್ಕಳಿಗೆ ಬಿಟ್ಟಿದ್ದೇನೆ. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಅತ್ತಿಮರ, ಉತ್ತರಕ್ಕೆ ಕರ್ತೋನ ಗದ್ದೆ, ದಕ್ಷಿಣಕ್ಕೆ ದಾರಿ. ಮಾರತಕ್ಕದ್ದಲ್ಲ, ಪಾಲು ಮಾಡತಕ್ಕದ್ದಲ್ಲ. ಹಿಜರಿ ಸಾವಿರದ ಮುನ್ನೂರ ಐವತ್ತು. ಅಂದರೆ ಸುಮಾರು ತೊಂಬತ್ತು ವರ್ಷದ ಹಿಂದಿನ ಬರಹ.

"ಚಕ್ಕುಬಂದಿ ಸಮೇತ ಬರೆದಿದಾಳಲ್ಲ ಪುಣ್ಯಾತ್ಗಿತ್ತಿ," ಅಂದರು ಮುನವ್ವರ್ ಬೇಗಂ. ಕನ್ನಡಕ ತೆಗೆದು ಒರೆಸಿಕೊಂಡರು. ವಾಗಿಮಾನ್ ಗುಂಡಿಗೆಯ ಮೇಲೆ ಕೈಯಿಟ್ಟುಕೊಂಡು ತೊಲೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಮಕ್ಸೂದನಿಗೆ ತಿಳಿಸಿದಾಗ ಅವನು ಮೊದಲು ನಂಬಲಿಲ್ಲ, ಆಮೇಲೆ ದಲ್ಲಾಳಿಗೆ ಫೋನು ಮಾಡಿ ಗದರಿಸಿದ. ದಲ್ಲಾಳಿ ತನಗೇನೂ ಗೊತ್ತಿಲ್ಲ, ಕಾಗದ ಸರಿಯಿತ್ತು ಎಂದ. ವಾಗಿಮಾನ್ ಜಾವಾದಲ್ಲಿದ್ದ ತಮ್ಮ ಅಣ್ಣನ ಮಗನನ್ನು ಮೋಟಾರ್ ಸೈಕಲ್ಲಿನಲ್ಲಿ ಆ ಊರು ಹುಡುಕಲು ಕಳಿಸಿದರು. ಹೊಳೆ ದಾಟಿ ಎರಡು ಬೆಟ್ಟದಾಚೆ, ನಲವತ್ತು ಒಲೆಯ ಊರು ಸಿಕ್ಕಿತು. ನಾಲ್ಕನೆಯ ದಿನ ಸಂಜೆ ಆರಕ್ಕೆ ಪೊವೇಯ ಅಡುಗೆಮನೆಯಲ್ಲಿ ವಾಟ್ಸಾಪ್ ಕರೆ ಬಂತು. ಅಲ್ಲಿ ಆಗ ಮರುದಿನದ ಬೆಳಿಗ್ಗೆ.

ಪರದೆಯ ಮೇಲೆ ಬಂದವಳು ರುಕಯ್ಯಾ ಎಂಬ ನಡುವಯಸ್ಸಿನ ಹೆಂಗಸು. ಸಂಜೆ ಮಕ್ಕಳಿಗೆ ಓದಿಸುವವಳು. ವಾಗಿಮಾನ್ ಕೂಡ ಕಾರ್ಖಾನೆಯಿಂದ ಕರೆಗೆ ಸೇರಿ ಅವಳ ಜಾವಾ ಮಾತನ್ನು ತಿರುಗಿಸಿ ಹೇಳಿದರು. ಮೊದಲು ಎಲ್ಲರ ಆರೋಗ್ಯ ವಿಚಾರಿಸಿದಳು, ಮಳೆ ಬೆಳೆಯ ಸುದ್ದಿ ಹೇಳಿದಳು, ಆಮೇಲೆ ಫೋನನ್ನು ತಿರುಗಿಸಿ ತೋರಿಸಿದಳು. ಅತ್ತಿಮರದ ಪಕ್ಕ ಖಾಲಿ ನೆಲ. ನಾಲ್ಕು ಮೂಲೆಗೆ ಕಂಬ ನಿಲ್ಲಿಸುವ ನಾಲ್ಕು ಕಲ್ಲು. ಒಂದು ಕಲ್ಲಿನ ಮೇಲೆ ಕೋಳಿ ಕೂತಿತ್ತು. ನಡುವೆ ನೀಲಿ ಟಾರ್ಪಾಲಿನ ಕೆಳಗೆ ಚಾಪೆಗಳು.

ಅವಳು ಹೇಳಿದ್ದು ಇಷ್ಟು. ಲಂಗ್ಗರ್ ನೋಡಿಕೊಳ್ಳುತ್ತಿದ್ದ ಮುದುಕ ಕೊರೋನಾದಲ್ಲಿ ತೀರಿಕೊಂಡ. ಅವನ ಮೊಮ್ಮಗ, ಗೆದ್ದಲು ಹಿಡಿದಿದೆ ರಿಪೇರಿ ಮಾಡಿಸ್ತೀನಿ ಎಂದು ಕಳಚಿ ಸಾಗಿಸಿದ. ಲಂಗ್ಗರ್ ಮರಳಿ ಬರಲಿಲ್ಲ. ಈಗ, ಇಲ್ಲಿ ಲಂಗ್ಗರ್ ಎಂಬುದು ಇತ್ತೇ, ಇದು ನಮ್ಮ ಅಜ್ಜನ ಹಿತ್ತಿಲು ಅನ್ನುತ್ತಾನೆ. ಭತ್ತದ ಕೊಯ್ಲಾದ ಮೇಲೆ ಊರಿಗೆ ಸರ್ವೆಯವರು ಬರುತ್ತಾರೆ. ಯಾವ ನೆಲ ಯಾರದು ಎಂದು ಅಳೆದು ಪತ್ರ ಕೊಡುತ್ತಾರೆ. ಸಾತಿನೆಮ್ ಅಜ್ಜಿ ಬಿಟ್ಟುಹೋದಳು ಎಂಬುದು ಎಲ್ಲರಿಗೂ ಗೊತ್ತು, ಆದರೆ ಬರೆದ ಕಾಗದವಿಲ್ಲ.

"ತೊಲೆ ಮೇಲೆ ಬರೆದಿದೆ ಅಂತ ನಮ್ಮಮ್ಮ ಹೇಳ್ತಿದ್ದಳು," ಅಂದಳು ರುಕಯ್ಯಾ. "ಆ ತೊಲೆಯೇ ನಮ್ಮ ಕಾಗದ. ಸಮುದ್ರ ದಾಟಿ ಹೋಗಿದೆ ಅಂತ ಗೊತ್ತಿರಲಿಲ್ಲ."

ಅವಳು ಬೇಡಲಿಲ್ಲ. ಕೊಡಿ ಎಂದು ಕೇಳಲೂ ಇಲ್ಲ. ಎಲ್ಲಿದೆ ಎಂದು ತಿಳಿಯಿತಲ್ಲ, ಅಲ್‌ಹಮ್ದುಲಿಲ್ಲಾಹ್ ಎಂದು ಕರೆ ಮುಗಿಸಿದಳು.

ಊಟಕ್ಕೆ ಕೂತಾಗ ಮಕ್ಸೂದ್ ಹೇಳಿದ: "ಅಮ್ಮಾ, ಅವರಿಗೆ ಬೇಕಾಗಿರೋದು ತೊಲೆ. ಅದನ್ನ ಕಳಿಸೋಣ, ನಾಳೆಯೇ. ನಾನು ಬೇರೆ ತೊಲೆ ಹಾಕಿಸ್ತೀನಿ. ಉಳಿದದ್ದು ನಿಮಗಿರಲಿ. ಅಲ್ಲಿ ಅವರಿಗೊಂದು ಸಿಮೆಂಟಿನ ಕೋಣೆಯನ್ನೂ ಕಟ್ಟಿಸಿಕೊಡೋಣ. ಸೋರಲ್ಲ, ಗೆದ್ದಲಿಲ್ಲ."

"ಹಾಗಾಗುತ್ತಾ?" ಅಂದರು ಮುನವ್ವರ್ ಬೇಗಂ. ತಮ್ಮ ದನಿಯಲ್ಲಿದ್ದ ಆಸೆ ಅವರಿಗೇ ಕೇಳಿಸಿತು.

"ಯಾಕಾಗಬಾರ್ದು?"

ಮೂರು ದಿನ ಅವರು ಅದನ್ನೇ ಯೋಚಿಸಿದರು. ಮಗ ದುಡ್ಡು ಕೊಟ್ಟು ಕೊಂಡದ್ದು, ಕದ್ದದ್ದಲ್ಲ. ತೊಲೆ ಹೋದರೆ ಅವರ ನೆಲ ಅವರಿಗೆ ಉಳಿಯುತ್ತದೆ. ಮಕ್ಕಳಿಗೆ ಹೊಸ ಕೋಣೆ ಸಿಗುತ್ತದೆ. ಲೆಕ್ಕ ಎಲ್ಲ ಸರಿಯಾಗಿಯೇ ಕೂಡುತ್ತಿತ್ತು. ಆದರೂ ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದಿಸಿ ಪೇರಿಸಿಟ್ಟ ಮರಗಳ ಕಡೆ ನೋಡುವಾಗ, ಬೇರೆಯವರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಗುತ್ತಿತ್ತು.

ಶಾಮಲಾ ಬಂದರು. "ಕೇಳಿದೆ," ಅಂದರು. "ಇಟ್ಕೊಳ್ರೀ. ತೊಲೆ ಕೊಡ್ತೀರಲ್ಲ, ಇನ್ನೇನು. ಮಧ್ಯಾಹ್ನ ನಾನೆಲ್ಲಿ ಕೂತ್ಕೊಳ್ಳಲಿ? ನಮ್ಮನೆ ಸೋಫಾ ಮೇಲೆ ಕೂತ್ರೆ ಮಗ ಟೀವಿ ಹಾಕ್ತಾನೆ."

"ನಿಮ್ಮ ದೇವಸ್ಥಾನದ ಬಾಗಿಲು ಹೀಗೆ ಬಂದಿದ್ರೆ?"

ಶಾಮಲಾ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಅದು ಬೇರೆ ಮಾತು," ಅಂದರು. ಮತ್ತೆ ಸುಲಿಯತೊಡಗಿ, "ನನ್ನನ್ನ ಯಾಕೆ ಕೇಳ್ತೀರಿ, ನಾನು ಜಾಗದ ಆಸೆಗೆ ಮಾತಾಡೋಳು," ಅಂದರು.

ಶನಿವಾರ ವಾಗಿಮಾನ್ ಬಂದಾಗ ಮುನವ್ವರ್ ಬೇಗಂ ಮರಿಯಮ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. "ತೊಲೆ ಮಾತ್ರ ಕಳಿಸಿದರೆ ಸಾಕು ಅಲ್ವಾ?"

"ಇಂಗ್ಗೆ, ಬು," ಅಂದರು ವಾಗಿಮಾನ್, ತಲೆ ಬಾಗಿಸಿ.

ಮುನವ್ವರ್ ಬೇಗಂ ಅವರ ಮುಖವನ್ನೇ ನೋಡಿದರು. ಮಂಜು ಕವಿದ ಆ ಬೆಳಿಗ್ಗೆಯೂ ಇದೇ ಮುಖ, ಇದೇ ಬಾಗಿದ ತಲೆ, ಇದೇ ಹೂಂ.

"ಮರಿಯಮ್, ಅವರಿಗೆ ಹೇಳು. ಹೋದ ಸಲ ನಾನು ಪಶ್ಚಿಮ ಅಂದಾಗ ಅವರು ಹೂಂ ಅಂದ್ರು. ನಾನು ಎಂಟು ತಿಂಗಳು ಮೂಲೆಗೆ ನಮಾಜು ಮಾಡಿದೆ. ಈ ಸಲ ನಾನು ದೊಡ್ಡವಳು ಅನ್ನೋದನ್ನ ಬದಿಗಿಡಲಿ. ಅವರೂರಲ್ಲಿ ತಾಯಿಗೆ ಮಗ ನಿಜ ಹೇಳೋದಿಲ್ವಾ, ಹಾಗೆ ಹೇಳಲಿ."

ಮರಿಯಮ್ ಹೇಳಿದಳು. ವಾಗಿಮಾನ್ ತುಂಬ ಹೊತ್ತು ಟೋಪಿ ತಿರುಗಿಸುತ್ತ ಕೂತರು. ಮಾತು ಬಂದಾಗ ಅದು ಅವರ ಜಾವಾ ಭಾಷೆಯಲ್ಲೇ ಶುರುವಾಗಿ ಆಮೇಲೆ ಇಂಗ್ಲಿಷಿಗೆ ತಿರುಗಿತು.

"ಸಾತಿನೆಮ್ ಅಜ್ಜಿ ತೊಲೆಯನ್ನ ಬಿಟ್ಟಳು ಅಂತ ಬರೆದಿಲ್ಲ. ನೆಲ ಮತ್ತು ಲಂಗ್ಗರ್ ಅಂತ ಬರೆದಿದ್ದಾಳೆ. ಬರೆದ ಕಾಗದ ವಾಪಸು ಕೊಟ್ಟು, ಬರೆದ ಆಸ್ತಿ ನಾವಿಟ್ಟುಕೊಂಡರೆ..." ಅಲ್ಲಿಗೆ ನಿಲ್ಲಿಸಿ, ಕ್ಷಮಿಸಿ ಎಂಬಂತೆ ಎರಡು ಕೈಯನ್ನೂ ಎದೆಗೆ ಸೇರಿಸಿದರು. "ಕ್ಷಮಿಸಿ, ಬು. ನಿಜ ಹೇಳೋದು ನನಗೆ ಅಭ್ಯಾಸ ಇಲ್ಲ."

"ಚೆನ್ನಾಗೇ ಹೇಳಿದ್ರಿ," ಅಂದರು ಮುನವ್ವರ್ ಬೇಗಂ. ಎದ್ದು ಒಳಗೆ ಹೋಗಿ, ಕೈಕಾಲು ತೊಳೆದು ವಜೂ ಮಾಡಿ, ಕೋಣೆಯ ಚಾಪೆಯ ಮೇಲೆ ಎರಡು ರಕಾತ್ ನಮಾಜು ಮುಗಿಸಿ ಬಂದರು. ಕಣ್ಣು ಕೆಂಪಾಗಿದ್ದವು, ದನಿ ಶಾಂತವಾಗಿತ್ತು. "ಮಕ್ಸೂದ್‌ಗೆ ಫೋನ್ ಮಾಡು. ಎಲ್ಲ ಹೋಗ್ಲಿ. ಒಂದು ಹೆಂಚೂ ಉಳಿಯೋದು ಬೇಡ."

ಮಕ್ಸೂದ್ ಫೋನಿನಲ್ಲಿ ಹೇಳಿದ: "ಸರಿ ಅಮ್ಮಾ. ಲಾಂಗ್ ಬೀಚ್ ಬಂದರಿನಿಂದ ಆ ಕಡೆಗೆ ಹೋಗೋ ಕಂಟೇನರ್‌ಗಳು ಅರ್ಧಕ್ಕರ್ಧ ಖಾಲಿನೇ ಹೋಗ್ತವೆ. ಕಷ್ಟ ಏನಿಲ್ಲ. ನಿಮಗೆ ಕಷ್ಟ ಆಗುತ್ತೆ ಅಂತಲೇ ನಾನು ತೊಲೆ ಮಾತು ಎತ್ತಿದ್ದು."

"ನನಗೆ ಗೊತ್ತು ಕಣಪ್ಪ."

ರುಕಯ್ಯಾಳಿಗೆ ಸುದ್ದಿ ಮುಟ್ಟಿತು. ಈ ಸಲ ಪರದೆಯ ಮೇಲೆ ಇಪ್ಪತ್ತು ಮಕ್ಕಳ ಮುಖ ಒಂದರ ಮೇಲೊಂದು ಬಂದವು. ಊರಿನ ಗಂಡಸರು ಬಂದರಿನಿಂದ ಬರುವ ಲಾರಿ ನಿಲ್ಲುವ ಸೇತುವೆಯಿಂದ ಅತ್ತಿಮರದ ತನಕ ಹೊತ್ತು ತರಲು ದಿನ ಗೊತ್ತು ಮಾಡುತ್ತಿದ್ದರು. ನಿಲ್ಲಿಸಿಕೊಡಲು ತಾವೇ ಹೋಗುವುದಾಗಿ ವಾಗಿಮಾನ್ ಒಂದು ತಿಂಗಳ ರಜೆ ಕೇಳಿದರು. ಪಶ್ಚಿಮದ ಕಂಬಕ್ಕೆ ತಾವು ಹೇಳಿದ ಮಾತನ್ನು ಹಿಂತೆಗೆದುಕೊಳ್ಳಬೇಕು ಎಂದರು.

ಸಾಗಿಸುವ ಮುಂಚಿನ ವಾರ ಮುನವ್ವರ್ ಬೇಗಂ ಗೂಟಗಳ ಚೀಲ ಬಿಚ್ಚಿ ಕೂತರು. ಹೆಬ್ಬೆರಳಿನಷ್ಟು ದಪ್ಪ, ಒಂದು ಗೇಣು ಉದ್ದದ ತೇಗದ ಗೂಟಗಳು. ಮನೆಯನ್ನೆಲ್ಲ ಹಿಡಿದಿಟ್ಟಿದ್ದವು ಅವೇ. ಮಳೆಯ ಕೆಸರು ತೊಳೆದು, ಒರೆಸಿ, ಎಣ್ಣೆ ಸವರಿ ಬಿಸಿಲಿಗೆ ಹರವಿದರು. ಶಾಮಲಾ ಕೂಡ ಕೂತು ಒರೆಸಿಕೊಟ್ಟರು. ಸಂಜೆ ಚೀಲಕ್ಕೆ ತುಂಬುವಾಗ ಒಂದು ಗೂಟ ಕೈಯಲ್ಲೇ ಉಳಿಯಿತು. ಕಪ್ಪಗೆ, ನುಣ್ಣಗೆ, ಕೈಗೆ ಹಿತವಾಗಿತ್ತು. ಅಷ್ಟೊಂದು ಗೂಟಗಳಲ್ಲಿ ಒಂದು ತಾನೆ, ವಾಗಿಮಾನ್ ಕೆತ್ತಿದರೆ ಇನ್ನೊಂದಾಗುತ್ತದೆ ಅನ್ನಿಸಿತು. ಅದನ್ನು ದುಪಟ್ಟದ ಅಂಚಿಗೆ ಗಂಟು ಹಾಕಿಕೊಂಡರು. ಯಾರಿಗೂ ಹೇಳಲಿಲ್ಲ. ಮಲಗುವಾಗ ದಿಂಬಿನ ಕೆಳಗೆ, ನಮಾಜಿನಲ್ಲಿ ಮಂಡಿಯ ಪಕ್ಕ, ಅದು ಐದು ದಿನ ಅವರ ಬಳಿಯೇ ಇತ್ತು.

ಆರನೆಯ ದಿನ ಮಕ್ಸೂದನ ಕಾರಿನಲ್ಲಿ ಚಾಟ್ಸ್‌ವರ್ತ್‌ಗೆ ಹೋದರು. ಮೂರು ಗಂಟೆಯ ದಾರಿ. ಮಳೆಗೆ ಗುಡ್ಡಗಳೆಲ್ಲ ಹಸಿರಾಗಿ, ರಸ್ತೆಯ ಬದಿಯಲ್ಲಿ ಕಿತ್ತಳೆ ಬಣ್ಣದ ಹೂವು ಅರಳಿತ್ತು. ಕಾರ್ಖಾನೆಯ ಅಂಗಳದಲ್ಲಿ ಕಂಟೇನರ್ ಬಾಯಿ ತೆರೆದು ನಿಂತಿತ್ತು. ಒಳಗೆ ಕಂಬಗಳು, ಜಂತಿಗಳು, ಹತ್ತಿಯ ಬಟ್ಟೆ ಸುತ್ತಿದ ತೊಲೆ. ಮಕ್ಸೂದ್ ಕಾಗದಪತ್ರಕ್ಕೆ ಸಹಿ ಹಾಕಲು ಆಫೀಸಿಗೆ ಹೋದ.

ವಾಗಿಮಾನ್ ನೆರಳಲ್ಲಿ ಒಂದು ಲುಂಗಿ ಹಾಸಿ ಗೂಟಗಳನ್ನು ಎಂಟೆಂಟರ ಸಾಲಿನಲ್ಲಿ ಜೋಡಿಸುತ್ತಿದ್ದರು. ಹನ್ನೊಂದು ಸಾಲು ಆಗಬೇಕಿತ್ತು. ಕೊನೆಯ ಸಾಲಿನಲ್ಲಿ ಏಳೇ ಇದ್ದವು. ಚೀಲ ಕೊಡವಿ ನೋಡಿದರು. ಮತ್ತೆ ಎಣಿಸಿದರು. ಏನೂ ಹೇಳದೆ ಎದ್ದು, ಮೂಲೆಯಲ್ಲಿದ್ದ ಚೂರುಗಳಲ್ಲಿ ತೇಗದ ತುಂಡೊಂದನ್ನು ಆರಿಸಿ, ಉಳಿ ಕೈಗೆ ತೆಗೆದುಕೊಂಡರು.

ಮುನವ್ವರ್ ಬೇಗಂ ಕುರ್ಚಿಯಿಂದ ಎದ್ದು ಬಂದರು. ಮಂಡಿ ಹಿಡಿದುಕೊಂಡು ಲುಂಗಿಯ ಅಂಚಿನಲ್ಲಿ ಕೂತು, ದುಪಟ್ಟದ ಗಂಟನ್ನು ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಹಲ್ಲು ಹಚ್ಚಬೇಕಾಯಿತು. ಗೂಟವನ್ನು ಒಮ್ಮೆ ಬಟ್ಟೆಯಿಂದ ಒರೆಸಿ, ಕೊನೆಯ ಸಾಲಿನ ಖಾಲಿ ಜಾಗದಲ್ಲಿ ಇಟ್ಟರು.

ವಾಗಿಮಾನ್ ಉಳಿಯನ್ನು ಕೆಳಗಿಟ್ಟು ಬಂದು ಎದುರಿಗೆ ಕೂತರು. ಮೊದಲ ಸಾಲಿನಿಂದ ಮತ್ತೆ ಎಣಿಸತೊಡಗಿದರು.